ಚೈನ್‌ಸಾ ಕೆಟ್ಟಾಗ: ನಿದಾನದ ಕ್ರಮ ಮತ್ತು ಅದರಿಂದ ಕಲಿಸಬಹುದಾದ ವಿಜ್ಞಾನ

ಬಿ.ಇಡಿ. ತರಗತಿಯಲ್ಲಿ ನಾವು ‘ನೈದಾನಿಕ ಪರೀಕ್ಷೆ’ ಮತ್ತು ‘ಪರಿಹಾರ ಬೋಧನೆ’ ಎಂಬ ಎರಡು ಮಾತುಗಳನ್ನು ಜೊತೆಯಾಗಿಯೇ ಓದುತ್ತೇವೆ. ನಿದಾನ ಎಂದರೆ ಮೂಲ ಕಾರಣವನ್ನು ಹುಡುಕಿ ಗುರುತಿಸುವುದು. ನಮ್ಮ ಬರವಣಿಗೆಯಲ್ಲಿ ಅದು ಎಷ್ಟೋ ಸಲ ‘ನಿಧಾನ’ ಆಗಿಬಿಡುತ್ತದೆ. ಎರಡೂ ಬೇರೆ ಬೇರೆ ಪದಗಳು, ಆದರೆ ನಿದಾನ ಮಾಡುವವರಿಗೆ ನಿಧಾನವೂ ಬೇಕು. ಅವಸರದಲ್ಲಿ ಬಿಡಿಭಾಗ ಬದಲಿಸುವ ಮೆಕ್ಯಾನಿಕ್ಕೂ, ಮಗು ಎಲ್ಲಿ ತಪ್ಪಿತು ಎಂದು ನೋಡದೆ ಅದೇ ಪಾಠವನ್ನು ಮತ್ತೆ ಹೇಳುವ ಶಿಕ್ಷಕರೂ ಒಂದೇ ಬಗೆಯ ಕೆಲಸ ಮಾಡುತ್ತಿರುತ್ತಾರೆ.

ಈ ಲೇಖನದಲ್ಲಿ ನಿದಾನದ ಕ್ರಮವನ್ನು ವಿವರಿಸಲು ಮರ ಕೊಯ್ಯುವ ವೃತ್ತಿಪರ ಚೈನ್‌ಸಾ ಯಂತ್ರವನ್ನು ಆರಿಸಿಕೊಂಡಿದ್ದೇನೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ಸುತ್ತ ಬೆಳೆದ ಮಕ್ಕಳಿಗೆ ಸಿಲ್ವರ್ ಓಕ್ ಉರುಳಿಸುವ ಈ ಯಂತ್ರದ ಸದ್ದು ಹೊಸದಲ್ಲ. ಅವರಲ್ಲಿ ಕೆಲವರು ಮುಂದೆ ಇದೇ ಕೆಲಸಕ್ಕೆ ಹೋಗುತ್ತಾರೆ. ತಪ್ಪು ನಿದಾನದ ಬೆಲೆ ಇಲ್ಲಿ ಒಂದು ಪಿಸ್ಟನ್ ಮತ್ತು ಸಿಲಿಂಡರ್ ಆಗಬಹುದು. ಕೆಲವೊಮ್ಮೆ ಒಂದು ಕಾಲೂ ಆಗಬಹುದು.

ಯಂತ್ರದ ರಚನೆ

ಮರ ಉರುಳಿಸಲು ಬಳಸುವ ಚೈನ್‌ಸಾಗಳಲ್ಲಿ ಸಾಮಾನ್ಯವಾಗಿ 50ರಿಂದ 90 ಸಿಸಿ ಸಾಮರ್ಥ್ಯದ ಟೂ ಸ್ಟ್ರೋಕ್ ಎಂಜಿನ್ ಇರುತ್ತದೆ. ಹಳೆಯ ಯಮಹಾ ಆರ್‌ಎಕ್ಸ್ 100 ಬೈಕಿನಲ್ಲಿ ಇದ್ದದ್ದೂ ಟೂ ಸ್ಟ್ರೋಕ್ ಎಂಜಿನ್ನೇ. ಚೈನ್‌ಸಾದಲ್ಲಿ ಎಂಜಿನ್ ಆಯಿಲ್‌ಗೆ ಪ್ರತ್ಯೇಕ ಜಾಗವಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಬೇರಿಂಗ್ ಮತ್ತು ಪಿಸ್ಟನ್ನಿಗೆ ಜಾರುವಿಕೆ ಕೊಡುತ್ತದೆ. ಈಗಿನ ಬಹುತೇಕ ಯಂತ್ರಗಳಿಗೆ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಬಳಸಿದರೆ ಪ್ರಮಾಣ 50:1. ಅಂದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ. ಆಯಿಲ್. ಅನುಪಾತದ ಪಾಠಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಹುಡುಕಬೇಕಾಗಿಲ್ಲ.

ಯಂತ್ರವನ್ನು ಹೇಗೆ ಓರೆಯಾಗಿಸಿ ಹಿಡಿದರೂ ಎಂಜಿನ್ ಓಡಬೇಕು. ಆದ್ದರಿಂದ ಇದರ ಕಾರ್ಬ್ಯುರೇಟರ್‌ನಲ್ಲಿ ಬೈಕಿನಂತೆ ತೇಲುವ ಫ್ಲೋಟ್ ಇರುವುದಿಲ್ಲ. ತೆಳುವಾದ ಪೊರೆ, ಅಂದರೆ ಡಯಾಫ್ರಮ್ ಇರುತ್ತದೆ. ಎಂಜಿನ್ನಿನ ಒಳಗಿನ ಒತ್ತಡ ಏರಿಳಿದಂತೆ ಒಂದು ಪೊರೆ ಮಿಡಿದು ಇಂಧನವನ್ನು ಎಳೆಯುತ್ತದೆ. ಇನ್ನೊಂದು ಪೊರೆ ಸೂಜಿ ಕವಾಟವನ್ನು ತೆರೆದು ಮುಚ್ಚಿ ಪ್ರಮಾಣವನ್ನು ಕಾಯುತ್ತದೆ.

ಎಂಜಿನ್ ಚಾಲೂ ಆಗದಿದ್ದರೆ

ಎಂಜಿನ್ ಉರಿಯಲು ನಾಲ್ಕು ಬೇಕು: ಇಂಧನ, ಗಾಳಿ, ಕಿಡಿ, ಒತ್ತಡ. ದಹನಕ್ಕೆ ಇಂಧನ, ಆಮ್ಲಜನಕ ಮತ್ತು ಜ್ವಲನ ತಾಪ ಬೇಕೆಂದು ಪ್ರೌಢಶಾಲೆಯಲ್ಲಿ ಹೇಳುವ ಮಾತೇ ಇದು, ಒತ್ತಡವೊಂದು ಹೆಚ್ಚುವರಿ. ಮೊದಲು ಸ್ಟಾಪ್ ಸ್ವಿಚ್ ಸರಿಯಾದ ಸ್ಥಾನದಲ್ಲಿದೆಯೇ, ಟ್ಯಾಂಕಿನಲ್ಲಿ ಹೊಸ ಇಂಧನವಿದೆಯೇ ಎಂದು ನೋಡಬೇಕು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಅದರ ತುದಿ ಅರ್ಧ ಕಥೆಯನ್ನು ಹೇಳಿಬಿಡುತ್ತದೆ.

ಹಲವು ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಇಂಧನ ಸಿಲಿಂಡರಿಗೆ ತಲುಪುತ್ತಿಲ್ಲ. ಟ್ಯಾಂಕಿನೊಳಗಿನ ಇಂಧನ ಫಿಲ್ಟರ್, ಕೊಳವೆ, ಕಾರ್ಬ್ಯುರೇಟರ್‌ನ ಪೊರೆ, ಈ ಕ್ರಮದಲ್ಲಿ ನೋಡುತ್ತ ಹೋಗಬೇಕು. ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಇಂಧನ ಅತಿಯಾಗಿದೆ. ಹೆಚ್ಚಿನ ಸಲ ಚೋಕ್ ಹಾಕಿಕೊಂಡೇ ಎಳೆಯುತ್ತಿದ್ದರೆ ಹೀಗಾಗುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಏಳೆಂಟು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಪ್ಲಗ್ ಒರೆಸಿ ಹಾಕಿದರೆ ಸಾಕು.

ಪ್ಲಗ್ ತೊಯ್ದಿದ್ದರೂ ಉರಿಯದಿದ್ದರೆ ಕಿಡಿಯನ್ನು ಪರೀಕ್ಷಿಸಬೇಕು. ಪ್ಲಗ್ಗಿನ ತುದಿಗಳ ಅಂತರ ಈ ಬಗೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 0.5 ಮಿ.ಮೀ. ಹೊಸ ಪ್ಲಗ್ ಹಾಕಿದರೂ ಕಿಡಿ ಬರದಿದ್ದರೆ ಸ್ಟಾಪ್ ಸ್ವಿಚ್ಚಿನ ತಂತಿ ಎಲ್ಲಾದರೂ ಲೋಹಕ್ಕೆ ತಾಗುತ್ತಿದೆಯೇ ನೋಡಬೇಕು. ಅದೂ ಸರಿಯಿದ್ದರೆ ಕಾಯಿಲ್ ಮತ್ತು ಫ್ಲೈವ್ಹೀಲ್ ನಡುವಿನ ಅಂತರವನ್ನು ಅಳೆಯಬೇಕು, ಅದು 0.2ರಿಂದ 0.3 ಮಿ.ಮೀ. ಇರಬೇಕು. ಫ್ಲೈವ್ಹೀಲಿನ ಅಯಸ್ಕಾಂತ ಕಾಯಿಲ್ ಮುಂದೆ ಹಾದುಹೋದಾಗ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇಲ್ಲಿ ಬ್ಯಾಟರಿಯಿಲ್ಲದೆ ಕಿಡಿ ಕೊಡುತ್ತಿದೆ.

ಕೊನೆಯದು ಒತ್ತಡ. ಸ್ವಿಚ್ ಆಫ್ ಮಾಡಿ, ಡಿಕಂಪ್ರೆಷನ್ ವಾಲ್ವ್ ಇದ್ದರೆ ಮುಚ್ಚಿ, ಸ್ಟಾರ್ಟರ್ ಹಗ್ಗದ ಹಿಡಿಯಿಂದ ಯಂತ್ರವನ್ನು ತೂಗಿ ಹಿಡಿಯಬೇಕು. ಒತ್ತಡ ಸರಿಯಿದ್ದರೆ ಯಂತ್ರ ತಡೆದು ತಡೆದು ಕೆಳಗಿಳಿಯುತ್ತದೆ. ಬಾವಿಗೆ ಬಿಟ್ಟ ಕೊಡದಂತೆ ಸರ್ರನೆ ಇಳಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ ಎಂದು ಶಂಕಿಸಿ, ಒತ್ತಡಮಾಪಕ ಹಾಕಿ ಖಚಿತಪಡಿಸಿಕೊಳ್ಳಬೇಕು.

ಚಾಲೂ ಆಗಿ ನಿಂತುಹೋದರೆ

ಯಂತ್ರ ಐದು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಇದನ್ನು ಕಂಡ ಕೂಡಲೇ ಕಾರ್ಬ್ಯುರೇಟರ್ ಬದಲಿಸಲು ಹೊರಡುವವರು ಉಂಟು. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ನಿಂತ ಯಂತ್ರ ತಣಿಯುವವರೆಗೆ ಕಾದು, ಇಂಧನ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಗಾಳಿ ‘ಉಸ್’ ಎಂದು ಒಳಗೆ ನುಗ್ಗಿ, ಆಮೇಲೆ ಯಂತ್ರ ಸರಾಗವಾಗಿ ಚಾಲೂ ಆದರೆ ಟ್ಯಾಂಕಿನ ಉಸಿರುಕಂಡಿ ಕಟ್ಟಿದೆ. ಇಂಧನ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಒಳಗೆ ಒತ್ತಡ ಇಳಿದು, ಇಂಧನ ಹರಿಯುವುದು ನಿಂತಿರುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯದು, ಇನ್ನೊಂದು ತೂತು ಬೇಕು ಎಂಬುದು ಮಕ್ಕಳಿಗೆ ಮನೆಯಲ್ಲೇ ಗೊತ್ತಿರುವ ಪೂರ್ವಜ್ಞಾನ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಸೇರಿ ತಳದಲ್ಲಿ ಬೇರೆ ಪದರವಾಗುತ್ತವೆ. ಹಳೆಯ ಯಂತ್ರಗಳ ರಬ್ಬರ್ ಕೊಳವೆ ಮತ್ತು ಪೊರೆಗಳಿಗೂ ಇದರಿಂದ ಹಾನಿಯಾಗಬಹುದು. ಬೆರೆಸಿದ ಇಂಧನವನ್ನು ತಿಂಗಳಿಗಿಂತ ಹೆಚ್ಚು ಇಡದೆ, ಮಳೆಗಾಲಕ್ಕೆ ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿಡುವುದು ಒಳ್ಳೆಯದು.

ಶಕ್ತಿ ಕುಂದಿದರೆ, ಸದ್ದು ಬದಲಾದರೆ

ಏರ್ ಫಿಲ್ಟರ್ ಮರದ ಹುಡಿಯಿಂದ ಕಟ್ಟಿದರೆ ಗಾಳಿ ಕಡಿಮೆಯಾಗಿ ಮಿಶ್ರಣದಲ್ಲಿ ಇಂಧನ ಹೆಚ್ಚಾಗುತ್ತದೆ. ಹೊಗೆ ಹೆಚ್ಚುತ್ತದೆ, ಪ್ಲಗ್ ಕಪ್ಪಾಗುತ್ತದೆ, ಶಕ್ತಿ ಇಳಿಯುತ್ತದೆ. ಸೈಲೆನ್ಸರಿನ ಕಿಡಿತಡೆ ಜಾಲರಿ ಮಸಿಯಿಂದ ಮುಚ್ಚಿದಾಗಲೂ ಶಕ್ತಿ ಇಳಿಯುತ್ತದೆ. ಎರಡಕ್ಕೂ ಶುಚಿಗೊಳಿಸುವುದೇ ಮದ್ದು.

ಅಪಾಯ ಇರುವುದು ಇದರ ವಿರುದ್ಧ ಸ್ಥಿತಿಯಲ್ಲಿ, ಅಂದರೆ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾದಾಗ. ಆಗ ಯಂತ್ರ ಕೆಟ್ಟಂತೆ ಕಾಣುವುದೇ ಇಲ್ಲ. ಇನ್ನೂ ಚುರುಕಾಗಿ, ಕೀರಲು ದನಿಯಲ್ಲಿ ಓಡುತ್ತದೆ. ಥ್ರಾಟಲ್ ಬಿಟ್ಟರೂ ವೇಗ ಬೇಗ ಇಳಿಯುವುದಿಲ್ಲ. ಇಂಧನ ಕಡಿಮೆ ಎಂದರೆ ಅದರೊಂದಿಗೆ ಬರುವ ಆಯಿಲ್ಲೂ ಕಡಿಮೆ, ಇಂಧನ ಆವಿಯಾಗಿ ಕೊಡುವ ತಂಪೂ ಕಡಿಮೆ. ಹೀಗೆಯೇ ಓಡಿಸಿದರೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಉಜ್ಜುತ್ತದೆ. ಇಂಟೇಕ್ ರಬ್ಬರ್ ಸೀಳಿರುವುದು, ಕ್ರ್ಯಾಂಕ್ ಸೀಲ್ ಸವೆದಿರುವುದು, ಇಂಧನ ಫಿಲ್ಟರ್ ಕಟ್ಟಿರುವುದು, ಕಾರ್ಬ್ಯುರೇಟರಿನ ‘ಹೆಚ್’ ಸ್ಕ್ರೂ ಅತಿಯಾಗಿ ತಿರುಗಿಸಿರುವುದು ಇದಕ್ಕೆ ಕಾರಣಗಳು. ಗಾಳಿ ಸೋರುತ್ತಿರುವಾಗ ಸ್ಕ್ರೂ ತಿರುಗಿಸಿ ಸರಿಪಡಿಸಿದಂತೆ ಕಂಡರೆ ಅದು ಲಕ್ಷಣಕ್ಕೆ ಕೊಟ್ಟ ಮದ್ದು. ಕಾರಣ ಹಾಗೆಯೇ ಉಳಿದು ಮುಂದೆ ಎಂಜಿನ್ನನ್ನು ಸುಡುತ್ತದೆ. ಹೊಸ ವೃತ್ತಿಪರ ಮಾದರಿಗಳು ಕೆಲವು ಮಿಶ್ರಣವನ್ನು ಎಲೆಕ್ಟ್ರಾನಿಕ್ಸ್ ಮೂಲಕ ತಾವೇ ಹೊಂದಿಸಿಕೊಳ್ಳುತ್ತವೆ. ಅವುಗಳಲ್ಲೂ ಸೋರಿಕೆಯನ್ನು ಹುಡುಕಿ ಸರಿಪಡಿಸಲೇಬೇಕು.

ಸಂಶಯ ಬಂದರೆ ಸೈಲೆನ್ಸರ್ ಬಿಚ್ಚಿ ಕಿಂಡಿಯಲ್ಲಿ ಟಾರ್ಚ್ ಹಿಡಿದು ಪಿಸ್ಟನ್ ನೋಡಬಹುದು. ನಯವಾಗಿ ಹೊಳೆಯುತ್ತಿದ್ದರೆ ಸರಿ. ಹೊಗೆ ಹೋಗುವ ಬದಿಯಲ್ಲಿ ಮಾತ್ರ ಉದ್ದುದ್ದ ಗೀರುಗಳಿದ್ದರೆ ಸಾಮಾನ್ಯವಾಗಿ ಅತಿ ಬಿಸಿಯ ಗುರುತು; ಸುತ್ತಲೂ ಇದ್ದರೆ ಆಯಿಲ್ ಬೆರೆಸದ ಪೆಟ್ರೋಲಿನ ಗುರುತು.

ಎಂಜಿನ್ ಸರಿಯಿದ್ದೂ ಮರ ಕೊಯ್ಯದಿದ್ದರೆ

ಎಷ್ಟೋ ಸಲ ದೋಷ ಎಂಜಿನ್ನಿನಲ್ಲಿ ಇರುವುದೇ ಇಲ್ಲ. ಹರಿತ ಚೈನು ಚಕ್ಕೆ ಎಸೆಯುತ್ತದೆ, ಮೊಂಡಾದ ಚೈನು ಹುಡಿ ಉದುರಿಸುತ್ತದೆ. ನೆಲದ ಮೇಲೆ ಬಿದ್ದದ್ದನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಕು. 3/8 ಇಂಚು ಪಿಚ್ಚಿನ ಸಾಮಾನ್ಯ ವೃತ್ತಿಪರ ಚೈನಿಗೆ 5.2 ಮಿ.ಮೀ. ದುಂಡು ಅರ, 0.325 ಇಂಚಿನದಕ್ಕೆ 4.8 ಮಿ.ಮೀ. ಅರ ಬೇಕು. ಎಲ್ಲ ಹಲ್ಲುಗಳ ಉದ್ದವೂ ಕೋನವೂ ಒಂದೇ ಸಮನಾಗಿರಬೇಕು. ಎಡಬಲದ ಹಲ್ಲುಗಳು ಉದ್ದಗಿಡ್ಡ ಆಗಿದ್ದರೆ ಅಥವಾ ಬಾರಿನ ಅಂಚು ಸವೆದಿದ್ದರೆ ಕೊಯ್ತ ನೇರ ಹೋಗದೆ ಬಾಗುತ್ತದೆ.

ಈ ಹಲ್ಲಿನ ಆಕಾರಕ್ಕೆ ಒಂದು ಕಥೆಯಿದೆ. ಅಮೆರಿಕದ ಓರೆಗಾನಿನಲ್ಲಿ ಮರ ಕೊಯ್ಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಮರದ ಬುಡವನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳವನ್ನು ಗಮನಿಸಿದರು. ಅದು ಎಡಬಲಕ್ಕೆ ಚಾಚಿದ ದವಡೆಗಳಿಂದ ಮರವನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುತ್ತಿತ್ತು. ಅದೇ ಆಕಾರವನ್ನು ಉಕ್ಕಿನಲ್ಲಿ ತಂದು 1947ರಲ್ಲಿ ಅವರು ಚೈನ್ ತಯಾರಿಸತೊಡಗಿದರು. ಇಂದಿನ ಚೈನುಗಳ ಮೂಲ ಅದು. ವೀಕ್ಷಣೆಯಿಂದ ಆವಿಷ್ಕಾರ ಹೇಗೆ ಹುಟ್ಟುತ್ತದೆ ಎನ್ನಲು ಇದು ಒಳ್ಳೆಯ ನಿದರ್ಶನ.

ಬಾರ್ ಬಿಸಿಯಾಗಿ ಹೊಗೆಯಾಡಿದರೆ ಚೈನಿಗೆ ಎಣ್ಣೆ ತಲುಪುತ್ತಿಲ್ಲ. ಬಾರಿನ ಗಾಡಿ ಮತ್ತು ಎಣ್ಣೆಯ ತೂತನ್ನು ಶುಚಿ ಮಾಡಬೇಕು. ಗಾಡಿಯಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ ಹಾಕುವ ರೂಢಿ ಕೆಲವೆಡೆ ಇದೆ. ಅದು ಚರ್ಮಕ್ಕೂ ಮಣ್ಣಿಗೂ ಒಳ್ಳೆಯದಲ್ಲ. ಇನ್ನು ಬಿಸಿಯಿರುವಾಗ ಬಿಗಿಮಾಡಿದ ಚೈನನ್ನು ಕೆಲಸ ಮುಗಿದ ಮೇಲೆ ಸಡಿಲಿಸಬೇಕು. ತಣಿದಾಗ ಅದು ಕುಗ್ಗಿ ಕ್ರ್ಯಾಂಕ್ ಮತ್ತು ಬೇರಿಂಗನ್ನು ಎಳೆಯುತ್ತದೆ. ಉಷ್ಣ ವ್ಯಾಕೋಚನಕ್ಕೆ ರೈಲು ಹಳಿಯ ಉದಾಹರಣೆಯ ಜೊತೆ ಇದನ್ನೂ ಹೇಳಬಹುದು.

ಮುಂದೂಡಬಾರದ ಎರಡು ದೋಷಗಳು

ಥ್ರಾಟಲ್ ಬಿಟ್ಟ ಮೇಲೂ ಚೈನ್ ತಿರುಗುತ್ತಿದ್ದರೆ ಐಡಲ್ ವೇಗ ಹೆಚ್ಚಾಗಿದೆ, ಇಲ್ಲವೇ ಕ್ಲಚ್ಚಿನ ಸ್ಪ್ರಿಂಗ್ ಸೋತಿದೆ ಅಥವಾ ತುಂಡಾಗಿದೆ. ಚೈನ್ ಬ್ರೇಕ್ ಹಿಡಿಯದಿದ್ದರೆ ಅದರ ಪಟ್ಟಿ ಸವೆದಿದೆ ಅಥವಾ ಹುಡಿ ತುಂಬಿದೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿ ಯಂತ್ರ ಹಿಂದಕ್ಕೆ ಚಿಮ್ಮಿದಾಗ ಮುಖ ಕಾಯುವುದು ಆ ಬ್ರೇಕ್. ಈ ಎರಡು ದೋಷಗಳಿರುವ ಯಂತ್ರದಲ್ಲಿ ‘ಇವತ್ತೊಂದು ದಿನ’ ಎಂದು ಕೆಲಸ ಮಾಡಬಾರದು. ಯಾವ ದುರಸ್ತಿಗೂ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ಗಿನ ಟೋಪಿ ಕಳಚಬೇಕು. ಚೈನ್ ಮುಟ್ಟುವಾಗ ಕೈಗವಸು ಇರಬೇಕು.

ತರಗತಿಯಲ್ಲಿ ಬಳಸುವ ಬಗೆ

ಶಾಲೆಗೆ ಯಂತ್ರ ತರಬೇಕಿಲ್ಲ. ಪೆಟ್ರೋಲಂತೂ ಬೇಡವೇ ಬೇಡ. ಹಳೆಯ ಪ್ಲಗ್, ಫಿಲ್ಟರ್, ಗೀರುಬಿದ್ದ ಪಿಸ್ಟನ್ ಗ್ಯಾರೇಜಿನಲ್ಲಿ ಕೇಳಿದರೆ ಸಿಗುತ್ತವೆ. ಅವನ್ನು ಚೆನ್ನಾಗಿ ಒರೆಸಿ ಮೇಜಿನ ಮೇಲಿಡಬಹುದು. ಚಟುವಟಿಕೆಗೆ ಚೀಟಿಗಳು ಸಾಕು. ಶಿಕ್ಷಕರು ಒಂದು ದೋಷವನ್ನು ಮನಸ್ಸಿನಲ್ಲಿಟ್ಟುಕೊಂಡು ಲಕ್ಷಣವನ್ನು ಮಾತ್ರ ಹೇಳುತ್ತಾರೆ. ಪ್ರತಿ ಗುಂಪಿಗೆ 100 ಅಂಕಗಳ ‘ಖರ್ಚು’ ಕೊಡಲಾಗುತ್ತದೆ. ಮುಚ್ಚಳ ಸಡಿಲಿಸಿ ನೋಡಲು 2, ಪ್ಲಗ್ ಬಿಚ್ಚಲು 5, ಕಾರ್ಬ್ಯುರೇಟರ್ ಬದಲಿಸಲು 60. ಪ್ರತಿ ಪರೀಕ್ಷೆಗೂ ಮೊದಲು ಗುಂಪು ಎರಡು ಮಾತು ಹೇಳಬೇಕು: ಇದನ್ನು ಏಕೆ ನೋಡುತ್ತೇವೆ, ಹೀಗಾದರೆ ಏನರ್ಥ, ಹಾಗಾದರೆ ಏನರ್ಥ. ಮೌಲ್ಯಮಾಪನ ಉತ್ತರಕ್ಕಲ್ಲ, ಪರೀಕ್ಷೆಗಳ ಕ್ರಮಕ್ಕೆ. ಅಗ್ಗದ, ಸುಲಭದ, ಹೆಚ್ಚು ಸಂಭವವಿರುವ ಕಾರಣವನ್ನು ಮೊದಲು ನೋಡಿದವರಿಗೆ ಹೆಚ್ಚು ಅಂಕ.

ನಮ್ಮ ಕೆಲಸಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಒಬ್ಬ ವಿದ್ಯಾರ್ಥಿ 52ರಿಂದ 27 ಕಳೆದು 35 ಎಂದು ಬರೆದಿದ್ದಾನೆ ಎನ್ನೋಣ. ಇನ್ನೂ ಇಪ್ಪತ್ತು ಲೆಕ್ಕ ಕೊಡುವುದು ಪರಿಹಾರವಲ್ಲ. ಅವನು ಇಪ್ಪತ್ತನ್ನೂ ಅದೇ ರೀತಿ ಮಾಡುತ್ತಾನೆ. ಬಿಡಿಸ್ಥಾನದಲ್ಲಿ 2ರಿಂದ 7 ಕಳೆಯುವ ಬದಲು 7ರಿಂದ 2 ಕಳೆದಿರಬಹುದು ಎಂದು ನಾವು ಶಂಕಿಸಬಹುದು. ಅದನ್ನು ಪರೀಕ್ಷಿಸಲು 64–38 ಕೊಡಬೇಕು. 34 ಬಂದರೆ ನಮ್ಮ ಶಂಕೆ ಬಲವಾಯಿತು. 36 ಬಂದರೆ ದಶಕದಿಂದ ಎರವಲು ಪಡೆದು ದಶಕವನ್ನು ಕಡಿಮೆ ಮಾಡಲು ಮರೆತಿದ್ದಾನೆ. 26 ಬಂದರೆ ಮೊದಲನೆಯದು ಬರೀ ಕೈತಪ್ಪು. ಮೂರಕ್ಕೂ ಪರಿಹಾರ ಬೇರೆ ಬೇರೆ. ಪರಿಹಾರ ಬೋಧನೆಯ ಪಾಠಯೋಜನೆ ಬರೆಯುವಾಗ ‘ಲಕ್ಷಣ, ಶಂಕಿಸಿದ ಕಾರಣ, ಮಾಡಿದ ಪರೀಕ್ಷೆ, ಪರಿಹಾರ, ಮರುಪರೀಕ್ಷೆ’ ಎಂಬ ಐದು ಕಲಂಗಳನ್ನು ಎಳೆದುಕೊಂಡು ನೋಡಿ. ಮೂರನೆಯ ಕಲಂ ಖಾಲಿ ಉಳಿದಿದ್ದರೆ ನಾಲ್ಕನೆಯದನ್ನು ಬರೆಯಲು ಇನ್ನೂ ಸಮಯವಾಗಿಲ್ಲ ಎಂದರ್ಥ.