ಒಳಚೀಲದ ಪರೀಕ್ಷೆಗೆ ಸಿದ್ಧತೆ ಹೇಗೆ?

ಪರೀಕ್ಷೆ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಪ್ರಶ್ನೆಪತ್ರಿಕೆ. ಆದರೆ ಕಾಯಿಲೆಯಿಂದ ದೊಡ್ಡ ಕರುಳನ್ನು ಕಳೆದುಕೊಂಡ ಹುಡುಗ ಹುಡುಗಿಯರಿಗೆ ಆಗಾಗ ಇನ್ನೊಂದು ಪರೀಕ್ಷೆಯೂ ಇರುತ್ತದೆ. ಹೊಟ್ಟೆಯೊಳಗಿನ ಚೀಲವನ್ನು ಕ್ಯಾಮೆರಾ ಇರುವ ತೆಳು ನಳಿಕೆಯಿಂದ ನೋಡುವ ಈ ತಪಾಸಣೆಗೆ ಪೌಚೋಸ್ಕೋಪಿ ಎಂದು ಹೆಸರು. ಇದಕ್ಕೂ ಸರಿಯಾದ ಸಿದ್ಧತೆ ಬೇಕು.

ಏನಿದು ಚೀಲ?

ಅಲ್ಸರೇಟಿವ್ ಕೊಲೈಟಿಸ್ ಎಂಬ ಉರಿಯೂತ ಔಷಧಿಗೆ ಬಗ್ಗದಿದ್ದಾಗ, ಅಥವಾ ವಂಶಪಾರಂಪರ್ಯವಾಗಿ ಕರುಳಿನ ತುಂಬ ಪಾಲಿಪ್‌ಗಳೆದ್ದು ಕ್ಯಾನ್ಸರಿನ ಭಯವಿದ್ದಾಗ, ದೊಡ್ಡ ಕರುಳನ್ನು ತೆಗೆಯಬೇಕಾಗುತ್ತದೆ. ಆಗ ಸಣ್ಣ ಕರುಳಿನ ಕೊನೆಯ ಭಾಗವನ್ನು ಮಡಿಚಿ ಹೊಲಿದು, ಮಲ ಸಂಗ್ರಹವಾಗುವ ಚೀಲವೊಂದನ್ನು ಒಳಗೇ ರೂಪಿಸುತ್ತಾರೆ. ಸ್ವೀಡನ್ನಿನ ನಿಲ್ಸ್ ಕಾಕ್ 1969ರಲ್ಲಿ ವರದಿ ಮಾಡಿದ ಚೀಲವನ್ನು ಹೊಟ್ಟೆಯ ಮೇಲಿನ ರಂಧ್ರದಿಂದ ಕೊಳವೆ ತೂರಿಸಿ ಖಾಲಿ ಮಾಡಬೇಕು. 1978ರಲ್ಲಿ ಲಂಡನ್ನಿನ ಪಾರ್ಕ್ಸ್ ಮತ್ತು ನಿಕಲ್ಸ್ ಚೀಲವನ್ನು ಗುದದ್ವಾರಕ್ಕೇ ಜೋಡಿಸಿದರು. 1980ರಲ್ಲಿ ಜಪಾನಿನ ಉತ್ಸುನೊಮಿಯಾ ವಿವರಿಸಿದ ‘ಜೆ’ ಆಕಾರದ ಚೀಲವೇ ಇಂದು ಹೆಚ್ಚು ಬಳಕೆಯಲ್ಲಿದೆ.

ಚೀಲ ಉರಿಯುತ್ತಿದೆಯೇ, ಹುಣ್ಣಾಗಿದೆಯೇ, ಜೋಡಣೆಯ ಜಾಗ ಕಿರಿದಾಗಿದೆಯೇ, ಪಾಲಿಪ್‌ಗಳು ಮತ್ತೆ ಎದ್ದಿವೆಯೇ ಎಂಬುದೆಲ್ಲ ಈ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಎಚ್ಚರ ಎಲ್ಲಿ?

ದೊಡ್ಡ ಕರುಳಿನ ಪರೀಕ್ಷೆಗೆ ಬರುವವರಿಗೆ ಕೆಲವು ಲೀಟರ್‌ ಭೇದಿ ಔಷಧಿ ಕುಡಿಯಲು ಹೇಳುವುದು ವಾಡಿಕೆ. ಅದೇ ಮುದ್ರಿತ ಚೀಟಿ ಚೀಲವಿರುವವರ ಕೈಗೂ ಬರಬಹುದು. ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವುದು ದೊಡ್ಡ ಕರುಳಿನ ಮುಖ್ಯ ಕೆಲಸ. ಅದೇ ಇಲ್ಲದವರಿಗೆ ಅಷ್ಟು ಭೇದಿಯಾದರೆ ದೇಹ ಬೇಗ ಬತ್ತುತ್ತದೆ. ಬಾಯಿ ಒಣಗುವುದು, ತಲೆಸುತ್ತು, ಕಾಲು ಸೆಳೆತ, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಚೀಲದ ಪರೀಕ್ಷೆಗೆ ಸಾಮಾನ್ಯವಾಗಿ ಹಿಂದಿನ ದಿನದ ತಿಳಿ ಆಹಾರ ಮತ್ತು ಒಂದೆರಡು ಎನಿಮಾ ಸಾಕಾಗುತ್ತದೆ. ಕಾಕ್ ಚೀಲವಿದ್ದವರು ಕೊಳವೆಯಿಂದ ತೊಳೆದುಕೊಳ್ಳಬಹುದು. ಆದ್ದರಿಂದ ದಿನ ಗೊತ್ತುಮಾಡುವಾಗಲೇ ‘ದೊಡ್ಡ ಕರುಳು ತೆಗೆದಿದೆ, ಚೀಲವಿದೆ, ಈ ಚೀಟಿ ನಮಗೆ ಅನ್ವಯಿಸುತ್ತದೆಯೇ?’ ಎಂದು ಕೇಳಿರಿ. ಶಸ್ತ್ರಚಿಕಿತ್ಸೆಯ ವರದಿಯ ಪ್ರತಿ ಜೊತೆಗಿರಲಿ.

ಮನೆಯಲ್ಲಿ

ಎರಡು ಮೂರು ದಿನ ಮೊದಲೇ ಕಡಲೆಕಾಯಿ, ಎಳ್ಳು, ಟೊಮೆಟೊ ಬೀಜ ಸಿಪ್ಪೆ, ಸೊಪ್ಪು ಬೇಡ. ಮೆತ್ತಗಿನ ಅನ್ನ, ಮೊಸರು, ಇಡ್ಲಿ ಒಳ್ಳೆಯದು. ಹಿಂದಿನ ದಿನ ವೈದ್ಯರು ಹೇಳಿದ ಹೊತ್ತಿನಿಂದ ಸೋಸಿದ ತಿಳಿಸಾರು, ಎಳನೀರು, ಹಾಲಿಲ್ಲದ ಚಹಾ ಕೊಡಬಹುದು. ರಕ್ತವೆಂಬ ಭ್ರಮೆ ಹುಟ್ಟಿಸುವ ಕೆಂಪು ಪಾನೀಯ ಬೇಡ. ಬರೀ ನೀರಿಗಿಂತ ಓಆರ್‌ಎಸ್ ಲೇಸು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಅಳತೆ ತಪ್ಪಬಾರದು. ಯಾವ ಹೊತ್ತಿನಿಂದ ನೀರನ್ನೂ ನಿಲ್ಲಿಸಬೇಕೆಂದು ಆಸ್ಪತ್ರೆಯವರನ್ನೇ ಕೇಳಿ. ಕಬ್ಬಿಣಾಂಶದ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ತಾವಾಗಿಯೇ ಏನನ್ನೂ ನಿಲ್ಲಿಸದೆ ವೈದ್ಯರ ಸಲಹೆ ಪಡೆಯಬೇಕು.

ಪರೀಕ್ಷೆ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಹಲವರಿಗೆ ಮಂಪರಿನ ಔಷಧಿ ಬೇಕಾಗುವುದಿಲ್ಲ. ಕೊಟ್ಟರೆ ಅಂದು ಸ್ಕೂಟರ್ ಓಡಿಸಬಾರದು, ಜೊತೆಗೆ ಹಿರಿಯರಿರಬೇಕು. ಮರುದಿನವೇ ಶಾಲಾ ಪರೀಕ್ಷೆ ಇರದಂತೆ ದಿನಾಂಕ ಆರಿಸಿಕೊಳ್ಳಿ. ಮನೆಗೆ ಬಂದ ಮೇಲೆ ತೀವ್ರ ಹೊಟ್ಟೆನೋವು, ಜ್ವರ, ಹೆಚ್ಚು ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹದಿಹರೆಯದವರಿಗೆ ನೋವಿಗಿಂತ ನಾಚಿಕೆಯೇ ದೊಡ್ಡದು. ಎನಿಮಾದ ಮಾತು ಅತಿಥಿಗಳ ಮುಂದೆ ಬೇಡ. ಆದರೆ ಎಲ್ಲವನ್ನೂ ತಂದೆತಾಯಿಯೇ ಹೇಳುತ್ತಿದ್ದರೆ ಮುಂದೆ ಹಾಸ್ಟೆಲ್ ಸೇರಿದಾಗ ಹೇಳುವವರು ಯಾರು? ‘ನನಗೆ ದೊಡ್ಡ ಕರುಳಿಲ್ಲ, ಒಳಚೀಲವಿದೆ’ ಎಂಬ ಮಾತನ್ನು ದಾದಿಯ ಮುಂದೆ ಮಕ್ಕಳೇ ಧೈರ್ಯವಾಗಿ ಹೇಳಲು ಕಲಿಯಲಿ. ಮುಂದೆ ಅವರನ್ನು ಕಾಪಾಡುವುದು ಆ ಮಾತೇ.