ಮುಟ್ಟಿಗೆ ಮುಂಚಿನ ದಿನಗಳು: ಕುಟುಂಬವು ಅರಿಯಬೇಕಾದ ವಿಚಾರ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಒಕ್ಕಲು ಮನೆಗಳಿಗೆ ದಿನದ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ರೇಷ್ಮೆಹುಳು ಸಾಕುವ ಮನೆಯಲ್ಲಿ ಹುಳು ಯಾವ ದಿನ ಮೊದಲ ಜ್ವರಕ್ಕೆ ಕುಳಿತಿತು, ಯಾವ ದಿನ ನಾಲ್ಕನೆಯ ಜ್ವರದಿಂದ ಎದ್ದಿತು, ಎಂದು ಹಣ್ಣಾಗಿ ಚಂದ್ರಿಕೆಗೆ ಏರೀತು ಎಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಮರಿಯಾದಲ್ಲಿಂದ ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನಗಳ ಈ ಲೆಕ್ಕವನ್ನು ಇಡೀ ಮನೆ ನಿಷ್ಠೆಯಿಂದ ಇಟ್ಟುಕೊಂಡಿರುತ್ತದೆ.

ಅದೇ ಮನೆಯಲ್ಲಿ ಆ ಸೊಪ್ಪನ್ನು ಕೊಯ್ದು ತಂದು ಹೊತ್ತುಹೊತ್ತಿಗೆ ಹಾಕುವ ತಾಯಿಯ ದೇಹಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನಗಳ ಒಂದು ಚಕ್ರವುಂಟು. ಆ ಚಕ್ರದ ಕೊನೆಯ ವಾರದಲ್ಲಿ ಅವಳ ಮೈ ಭಾರವಾಗುತ್ತದೆ, ಮನಸ್ಸು ಕಲಕುತ್ತದೆ. ಈ ಲೆಕ್ಕವನ್ನು ಇಟ್ಟ ಮನೆಗಳು ಎಷ್ಟು? ಇಡದ ಕಾರಣದಿಂದ ಎಷ್ಟು ಸಂಸಾರಗಳಲ್ಲಿ ವೃಥಾ ಕಲಹವಾಗಿದೆ, ಎಷ್ಟು ಹೆಣ್ಣುಮಕ್ಕಳು ‘ಸಿಡುಕಿ’, ‘ಗಂಟುಮುಖದವಳು’ ಎಂಬ ಹೆಸರು ಹೊತ್ತಿದ್ದಾರೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಧರ್ಮದ ನಿಲುವು

ಇಂತಹ ವಿಷಯವನ್ನು ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬಹುದೆ ಎಂದು ಕೆಲವರು ಸಂಕೋಚಪಡಬಹುದು. ಸಂಕೋಚಕ್ಕೆ ಕಾರಣವಿಲ್ಲವೆಂದು ನಾವು ಭಾವಿಸುತ್ತೇವೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಇಷ್ಟಲಿಂಗವು ಸದಾ ಅಂಗದ ಮೇಲಿರುವಾಗ ಆ ಅಂಗವು ತಿಂಗಳಿಗೆ ಮೂರು ದಿನ ಮೈಲಿಗೆಯಾಗುವುದೆಂಬ ಮಾತಿಗೆ ಅರ್ಥವೇ ಇಲ್ಲ. ಆದುದರಿಂದ ಮುಟ್ಟಿನ ದಿನಗಳಲ್ಲಿಯೂ ಲಿಂಗಪೂಜೆ ಮಾಡುವ ಅಧಿಕಾರ ನಮ್ಮ ತಾಯಂದಿರಿಗೆ ಧರ್ಮದತ್ತವಾಗಿಯೇ ಬಂದಿದೆ.

ಹೀಗಿದ್ದರೂ ನಮ್ಮ ಮನೆಗಳಲ್ಲಿ ಇಂದಿಗೂ ‘ಹೊರಗಾಗಿದ್ದಾಳೆ’ ಎಂಬ ಮಾತು ಕೇಳಿಬರುತ್ತದೆ. ಅಡುಗೆಮನೆಗೂ ಹುಳುಮನೆಗೂ ಆ ದಿನಗಳಲ್ಲಿ ಬರಬಾರದೆನ್ನುವ ಮನೆಗಳೂ ಇವೆ. ಮುಟ್ಟನ್ನೇ ಬಾಯಿಬಿಟ್ಟು ಹೇಳಲಾಗದ ಹೆಣ್ಣುಮಗಳು, ಮುಟ್ಟಿಗೆ ಐದು ದಿನ ಮುಂಚಿನ ತನ್ನ ಸಂಕಟವನ್ನು ಯಾರಲ್ಲಿ ಹೇಳಿಕೊಂಡಾಳು?

ದೇಹದಲ್ಲಿ ನಡೆಯುವುದೇನು?

ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಪ್ರಾಯದ ಸ್ತ್ರೀಯರಲ್ಲಿ ಸಾಮಾನ್ಯವಾಗಿ 21ರಿಂದ 35 ದಿನ. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ ಅಂಡಾಶಯದಿಂದ ಅಂಡಾಣು ಹೊರಬರುತ್ತದೆ. ಅನಂತರ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ, ಈಸ್ಟ್ರೊಜೆನ್ ಜೊತೆಗಿರುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು, ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. ಈ ಏರಿಳಿತವು ಮಿದುಳಿನಲ್ಲಿ ಮನಸ್ಸಿನ ನೆಮ್ಮದಿಗೆ ಸಂಬಂಧಿಸಿದ ಸೆರೊಟೊನಿನ್ ಮುಂತಾದ ದ್ರವ್ಯಗಳ ಮೇಲೆ ಪ್ರಭಾವ ಬೀರುತ್ತದೆ.

ಇದರ ಫಲವಾಗಿ ಸ್ತನಗಳಲ್ಲಿ ಬಿಗಿತ, ಹೊಟ್ಟೆಯುಬ್ಬರ, ತಲೆನೋವು, ಸೊಂಟನೋವು, ನಿದ್ರಾಭಂಗ, ಸಿಹಿ ಅಥವಾ ಉಪ್ಪಿನ ಬಯಕೆ, ಕಾರಣವಿಲ್ಲದ ಅಳು, ತಡೆಯಲಾಗದ ಸಿಡುಕು ತೋರುತ್ತವೆ. ಅಮೆರಿಕದ ರಾಬರ್ಟ್ ಫ್ರಾಂಕ್ ಎಂಬ ವೈದ್ಯರು 1931ರಲ್ಲಿ ಇದನ್ನು ವೈದ್ಯಶಾಸ್ತ್ರದ ದೃಷ್ಟಿಯಿಂದ ವಿವರಿಸಿದರು. 1953ರಲ್ಲಿ ಬ್ರಿಟನ್ನಿನ ಕ್ಯಾಥರೀನಾ ಡಾಲ್ಟನ್ ಮತ್ತು ಅವರ ಸಹೋದ್ಯೋಗಿ ಗ್ರೀನ್ ಅವರ ಬರಹದಿಂದ ‘ಪಿ.ಎಂ.ಎಸ್.’ ಎಂಬ ಹೆಸರು ರೂಢಿಗೆ ಬಂದಿತು. ಅಲ್ಪಸ್ವಲ್ಪ ಲಕ್ಷಣ ಬಹುಪಾಲು ಸ್ತ್ರೀಯರಿಗೆ ಇರುತ್ತದೆ. ನೂರರಲ್ಲಿ ಮೂರರಿಂದ ಎಂಟು ಮಂದಿಗೆ ಮಾತ್ರ ಅದು ಬದುಕನ್ನೇ ಕದಡುವಷ್ಟು ತೀವ್ರವಾಗಿರುತ್ತದೆಂದು ಅಂದಾಜು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದನ್ನು ‘ಹಾರ್ಮೋನು ಏರುಪೇರು’ ಎನ್ನುವ ರೂಢಿಯುಂಟು. ಪಿ.ಎಂ.ಎಸ್. ಇರುವ ಬಹುಪಾಲು ಸ್ತ್ರೀಯರ ರಕ್ತದಲ್ಲಿ ಹಾರ್ಮೋನುಗಳು ಇರಬೇಕಾದಷ್ಟೇ ಇರುತ್ತವೆ. ಅವುಗಳ ಸಹಜವಾದ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆ, ಅಷ್ಟೆ. ನಿಜವಾದ ಏರುಪೇರಿನ ವಿಷಯ ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಗೋಡೆಯ ಕ್ಯಾಲೆಂಡರು ಹೇಳಿದ ನ್ಯಾಯ

ಕೆಲವು ವರ್ಷಗಳ ಹಿಂದೆ ಯಳಂದೂರು ಕಡೆಯ ಒಂದು ಮನೆಯವರು ನಮ್ಮಲ್ಲಿಗೆ ಬಂದರು. ಸೊಸೆಗೆ ಅಮಾವಾಸ್ಯೆ ಹತ್ತಿರವಾದಂತೆ ಗಾಳಿ ಸೋಕುತ್ತದೆ, ಪಾತ್ರೆ ಎಸೆಯುತ್ತಾಳೆ, ಅಳುತ್ತಾಳೆ. ಒಂದು ತಾಯಿತ ಕಟ್ಟಿಕೊಡಬೇಕು, ಇಲ್ಲವಾದರೆ ತವರಿಗೆ ಕಳಿಸುತ್ತೇವೆ ಎಂಬುದು ಅತ್ತೆಯ ಮಾತು. ಸೊಸೆ ತಲೆಯೆತ್ತಲಿಲ್ಲ. ನಾವು ತಾಯಿತ ಕೊಡಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿರಿ, ಕೆಟ್ಟ ದಿನಕ್ಕೆ ಒಂದು ಚುಕ್ಕೆಯನ್ನು ಗಂಡ ಇಡಲಿ, ಮುಟ್ಟಾದ ದಿನಕ್ಕೆ ಒಂದು ಗೆರೆಯನ್ನು ಹೆಂಡತಿ ಎಳೆಯಲಿ ಎಂದೆವು.

ಮೂರು ತಿಂಗಳಾದ ಮೇಲೆ ಕ್ಯಾಲೆಂಡರು ಬಂದಿತು. ಚುಕ್ಕೆಗಳೆಲ್ಲ ಗೆರೆಗೆ ಹಿಂದಿನ ಐದಾರು ದಿನಗಳಲ್ಲಿಯೇ ಇದ್ದವು. ಗೆರೆ ಎಳೆದ ಎರಡನೆಯ ದಿನಕ್ಕೆ ನಿಲ್ಲುತ್ತಿದ್ದವು. ಮೊದಲ ತಿಂಗಳು ಅಮಾವಾಸ್ಯೆಗೆ ಹೊಂದಿಕೊಂಡಿದ್ದ ಚುಕ್ಕೆಗಳು ಮೂರನೆಯ ತಿಂಗಳಿಗೆ ಒಂದು ವಾರದಷ್ಟು ಹಿಂದೆ ಸರಿದಿದ್ದವು, ಏಕೆಂದರೆ ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ, ಅವಳ ಚಕ್ರ ಇಪ್ಪತ್ತಾರು ದಿನ. ವೈದ್ಯರಲ್ಲಿ ತೋರಿಸಿದಾಗ ರಕ್ತವೂ ಬಹಳ ಕಡಿಮೆಯಿತ್ತು. ಗುಳಿಗೆ ಕೊಟ್ಟರು; ಹುಳುವಿನ ರಾತ್ರಿ ಸೊಪ್ಪನ್ನು ಆ ವಾರ ಗಂಡನೇ ಹಾಕುವುದೆಂದಾಯಿತು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, “ನನ್ಗೂ ಇಂಗೇ ಆಯ್ತಿತ್ತು ಅಯ್ನೋರೆ, ಆಗ ಯಾರೂ ಕೇಳ್ನಿಲ್ಲ” ಎಂದರು. ಆ ಒಂದು ಮಾತಿನಲ್ಲಿ ಎರಡು ತಲೆಮಾರಿನ ನೋವು ಇತ್ತು.

ವೈದ್ಯರು ಅನುಸರಿಸುವ ಕ್ರಮವೂ ಇದೇ. ಕನಿಷ್ಠ ಎರಡು ಚಕ್ರಗಳ ದಿನವಹಿ ನೋಡಿ, ಮುಟ್ಟಿಗೆ ಮುಂಚೆ ಲಕ್ಷಣಗಳು ತೋರಿ ಮುಟ್ಟಾದ ಕೆಲವು ದಿನಗಳಲ್ಲಿ ಅಡಗುವುದಾದರೆ ಪಿ.ಎಂ.ಎಸ್. ಎನ್ನುತ್ತಾರೆ. ತಿಂಗಳುದ್ದಕ್ಕೂ ಬೇಸರ, ಅಳು ಇದ್ದರೆ ಅದು ಖಿನ್ನತೆ ಇರಬಹುದು. ಅದರ ಚಿಕಿತ್ಸೆ ಬೇರೆ.

ಆಹಾರ ಮತ್ತು ಕಾಯಕ

ಸಹಜವಾದ ಉಪಾಯಗಳಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮೊದಲು ನಿಲ್ಲುತ್ತದೆ. 1998ರಲ್ಲಿ ಅಮೆರಿಕದಲ್ಲಿ 466 ಸ್ತ್ರೀಯರ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಿದವರ ಲಕ್ಷಣಗಳು ಮೂರನೆಯ ಚಕ್ರದ ಹೊತ್ತಿಗೆ ನೂರಕ್ಕೆ 48ರಷ್ಟು ತಗ್ಗಿದವು. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿಯೂ 30ರಷ್ಟು ತಗ್ಗಿದವು. ಲಾಭವುಂಟು, ಆದರೆ ಪವಾಡವಲ್ಲ ಎಂಬುದನ್ನು ಈ ಎರಡು ಅಂಕಿಗಳು ಕೂಡಿಯೇ ಹೇಳುತ್ತವೆ.

ಕ್ಯಾಲ್ಸಿಯಮ್ಮಿಗಾಗಿ ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಯಸ್ಕ ಸ್ತ್ರೀಗೆ ದಿನಕ್ಕೆ ಬೇಕಾದುದು 1000 ಮಿಲಿಗ್ರಾಂ. ನೂರೈವತ್ತು ಗ್ರಾಂ ಹಿಟ್ಟಿನ ಎರಡು ಮುದ್ದೆಯಲ್ಲಿ ಅದರ ಅರ್ಧದಷ್ಟಿದೆ. ಮೊಳಕೆ ಕಟ್ಟಿದ ರಾಗಿಯಿಂದ ದೇಹವು ಅದನ್ನು ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಉಳಿದುದಕ್ಕೆ ಎಳ್ಳು, ನುಗ್ಗೆಸೊಪ್ಪು, ಹಾಲು, ಮೊಸರು, ಮಜ್ಜಿಗೆ ಇವೆ. ಸೊಸೆಯ ಪಾಲಿನ ಹಾಲು ಡೇರಿಯ ಕ್ಯಾನಿಗೆ ಹೋಗಿ, ಅವಳ ಪಾಲಿಗೆ ಚಹದ ಡಿಕಾಕ್ಷನ್ ಉಳಿಯಬಾರದು.

ರಕ್ತಹೀನತೆಯೂ ಈ ದಿನಗಳ ದಣಿವನ್ನು ಹೆಚ್ಚಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಸಸ್ಯಾಹಾರಿಗಳಾದ ನಾವು ಹುರುಳಿಕಾಳಿನ ಬಸ್ಸಾರು, ಸೊಪ್ಪು, ಕಾಳುಗಳ ಜೊತೆಗೆ ನಿಂಬೆರಸವನ್ನೋ ನೆಲ್ಲಿಕಾಯಿಯನ್ನೋ ಸೇರಿಸಿಕೊಂಡರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಜೊತೆ ಕುಡಿದ ಕಾಫಿ, ಚಹಾ ಅದನ್ನು ತಡೆಯುತ್ತವೆ. ಒಂದೆರಡು ಗಂಟೆ ಅಂತರವಿರಲಿ. ಆ ವಾರ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆಯಾದರೆ ಮೈ ಊದುವುದು ಕೆಲವರಿಗೆ ತಗ್ಗುತ್ತದೆ.

ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ ಎನ್ನಬಹುದು. ಅಂತಹವರಿಗೆ ಬೇಕಾದುದು ವಿಶ್ರಾಂತಿ ಮತ್ತು ಏಳೆಂಟು ಗಂಟೆಯ ನಿದ್ರೆ. ಕೊಳ್ಳೇಗಾಲದ ಪೇಟೆಯಲ್ಲಿ ಅಂಗಡಿಯ ಗಲ್ಲಾದ ಮುಂದೆ, ಕಚೇರಿಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕುಳಿತಿರುವವರು ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ ಮನಸ್ಸಿಗೂ ದೇಹಕ್ಕೂ ಹಗುರ.

ಎಚ್ಚರಿಕೆಯ ಮಾತುಗಳು

ಮಲೆ ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಹೊರಡುವ ಮುನ್ನ ಔಷಧಿ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತಂದು ನುಂಗುವ ತಾಯಂದಿರಿದ್ದಾರೆ. ಸಾಮಾನ್ಯವಾಗಿ ಅದು ನಾರೆತಿಸ್ಟರೋನ್ ಎಂಬ ಹಾರ್ಮೋನು. ಅದರಿಂದಲೇ ಹೊಟ್ಟೆಯುಬ್ಬರ, ಸ್ತನನೋವು, ತಲೆನೋವು, ಸಿಡುಕು ಬರಬಹುದು. ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೂ ಯಕೃತ್ತಿನ ಕಾಯಿಲೆಯವರಿಗೂ ಅದು ಅಪಾಯಕರ. ವೈದ್ಯರನ್ನು ಕೇಳದೆ ಅದನ್ನು ನುಂಗಕೂಡದು. ರಜಸ್ಸೂತಕವನ್ನೇ ಒಪ್ಪದ ಧರ್ಮದವರು ಸೂತಕದ ಭಯದಿಂದ ಮಾತ್ರೆ ನುಂಗುವುದು ಉಚಿತವೆ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.

ಗಿಡಮೂಲಿಕೆಯೆಂದಾಕ್ಷಣ ನಿರಪಾಯವೆಂದು ಬಗೆಯಲಾಗದು. ಯೂರೋಪಿನಲ್ಲಿ ಪಿ.ಎಂ.ಎಸ್.ಗೆ ಪರೀಕ್ಷಿಸಿದ ಒಂದು ಗಿಡ ನಮ್ಮ ಲಕ್ಕಿಯ ಕುಲದ್ದೇ ಆದರೂ ಜಾತಿ ಬೇರೆ. ಬೇಲಿಯ ಲಕ್ಕಿಯನ್ನು ಅದರ ಬದಲಿಗೆ ಕುದಿಸಿ ಕುಡಿಯಬಾರದು. ಅಂತರ್ಜಾಲದ ಮೂಲಕ ಮಾರುವ ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದ 2008ರ ಒಂದು ಅಧ್ಯಯನದಲ್ಲಿ ಐದರಲ್ಲಿ ಒಂದರಷ್ಟು ಔಷಧಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಪದವೀಧರ ವೈದ್ಯರ ಸಲಹೆಯಿಲ್ಲದೆ ಸಂತೆಯ ಲೇಹ್ಯ ಬೇಡ.

ವೈದ್ಯರ ಬಳಿಗೆ ಯಾವಾಗ?

ಋತುಮತಿಯಾದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಮೂರು ವರ್ಷ ಕಳೆದ ಮೇಲೂ ಚಕ್ರ 21 ದಿನಕ್ಕಿಂತ ಕಡಿಮೆ ಅಥವಾ 35 ದಿನಕ್ಕಿಂತ ಹೆಚ್ಚಾಗಿದ್ದರೆ, ಗಲ್ಲದ ಮೇಲೆ ಒರಟು ಕೂದಲು, ಬಿಡದ ಮೊಡವೆ, ಏರುವ ತೂಕ ಇದ್ದರೆ ಪಿ.ಸಿ.ಓ.ಎಸ್. ಇರಬಹುದು. ಮೇಲೆ ಹೇಳಿದ ನಿಜವಾದ ಹಾರ್ಮೋನು ಏರುಪೇರು ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಾಯದ ಸ್ತ್ರೀಯರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಇದುಂಟು. ತೂಕ ಹೆಚ್ಚಿದ್ದವರು ಅದರಲ್ಲಿ ನೂರಕ್ಕೆ ಐದರಷ್ಟು ಇಳಿಸಿದರೂ ಮುಟ್ಟು ಸರಿಹೋಗುವ ಸಂಭವವಿದೆ. ಅತಿಸ್ರಾವ, ಚಳಿ ತಡೆಯಲಾಗದಿರುವುದು, ಸದಾ ದಣಿವು ಇದ್ದರೆ ಥೈರಾಯ್ಡ್ ಪರೀಕ್ಷೆ ಅವಶ್ಯಕ. ಇವೆರಡನ್ನೂ ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಮುಂದೂಡುವುದು ಮಗಳಿಗೆ ಮಾಡುವ ಅನ್ಯಾಯ.

ಮುಟ್ಟಿಗೆ ಮುಂಚೆ ಸಾಯಬೇಕೆನ್ನಿಸುವಷ್ಟು ಮನಸ್ಸು ಕುಸಿದರೆ ಒಂದು ದಿನವೂ ಕಾಯಕೂಡದು. ಮುದ್ದೆ, ಎಳ್ಳು, ನಡಿಗೆ ಅಲ್ಲಿಗೆ ಸಾಲವು. ಅದಕ್ಕೆ ಫಲಕಾರಿಯಾದ ಮಾತ್ರೆಗಳಿವೆ. ಕೆಲವರು ಅವನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ ಸಾಕಾಗುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣವಿಲ್ಲ.

ಹೇಳಿಕೊಂಡರೆ ವಾಸಿಯಾಗುತ್ತದೆಂಬುದಕ್ಕೆ ಈ ಸೀಮೆಯೇ ಸಾಕ್ಷಿ. ಕುಷ್ಠರೋಗವನ್ನು ಪಾಪದ ಫಲವೆಂದು ಮುಚ್ಚಿಡುತ್ತಿದ್ದ ಕಾಲದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಗಿರಿಜನರ ಸೇವೆಗೆ ತೊಡಗಿದ ಡಾ. ಎಚ್. ಸುದರ್ಶನ್ ಅವರು ಆ ರೋಗದ ನಿವಾರಣೆಗೆಂದೇ 1986ರಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕರುಣಾ ಟ್ರಸ್ಟ್ ಸ್ಥಾಪಿಸಿದರು. ಮುಚ್ಚಿಟ್ಟವರು ಮೈ ತೋರಿಸಿದ ಮೇಲೆಯೇ ಮದ್ದು ಕೆಲಸ ಮಾಡಿತು.

ಮನೆಯ ಕರ್ತವ್ಯ

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ದುಡಿಯುವ ಸ್ತ್ರೀಯರಿಗೆ ತಿಂಗಳಿಗೆ ಒಂದು ದಿನ ವೇತನಸಹಿತ ಮುಟ್ಟಿನ ರಜೆಯನ್ನು ಒಪ್ಪಿತು. ಸ್ವಂತ ಹುಳುಮನೆ, ಹೊಲ, ಒಲೆಗಳ ಮುಂದೆ ದುಡಿಯುವ ತಾಯಿಗೆ ಯಾವ ಸರ್ಕಾರವೂ ರಜೆ ಕೊಡಲಾರದು. ಅದನ್ನು ಮನೆಯವರೇ ಕೊಡಬೇಕು. ಆ ವಾರ ನೀರು ಹೊರುವುದನ್ನು ಗಂಡ, ಮಕ್ಕಳು ವಹಿಸಿಕೊಳ್ಳಲಿ. ದೊಡ್ಡ ಮಾತುಕತೆ, ಹಣದ ಲೆಕ್ಕ, ಜಗಳದ ವಿಷಯಗಳನ್ನು ನಾಲ್ಕು ದಿನ ಮುಂದಕ್ಕೆ ಹಾಕಿರಿ. ಹಾಗೆಂದು ಅವಳು ನ್ಯಾಯವಾಗಿ ಕೋಪಗೊಂಡಾಗಲೂ ‘ಇದು ಮುಟ್ಟಿನ ಕೋಪ’ ಎಂದು ತಳ್ಳಿಹಾಕುವುದು ಬೇಡ. ಅವಳ ಮಾತಿನಲ್ಲಿ ಸತ್ಯವಿದ್ದರೆ ಅದು ತಿಂಗಳ ಯಾವ ದಿನವಾದರೂ ಸತ್ಯವೇ.

ಸಹೋದರಿಯರೆ, ಈ ತಿಂಗಳೇ ಕ್ಯಾಲೆಂಡರಿನಲ್ಲಿ ಮೊದಲ ಗೆರೆ ಎಳೆಯಿರಿ. ಅತ್ತೆಯರೆ, ನಿಮ್ಮನ್ನು ಅಂದು ಯಾರೂ ಕೇಳದಿದ್ದ ಮಾತನ್ನು ಇಂದು ಸೊಸೆಯನ್ನು ಕೇಳಿರಿ. ಗೃಹಸ್ಥರು ಆ ಗೆರೆಯನ್ನು ನೋಡಿ ಓದಲು ಕಲಿಯಲಿ. ದಯೆಯೇ ಧರ್ಮದ ಮೂಲವೆಂದು ನಂಬಿದ ಮನೆಗಳಲ್ಲಿ ಆ ದಯೆ ಮೊದಲು ಮನೆಯೊಳಗಿನ ತಾಯಿಗೆ ಸಲ್ಲಲಿ ಎಂದು ನಾವು ಹಾರೈಸುತ್ತೇವೆ.