ಹಬ್ಬ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಮುಧೋಳ, ಜಮಖಂಡಿ, ಬನಹಟ್ಟಿ ಕಡೆ ಯಾರನ್ನಾದರೂ 'ಪಂಚಮಿ ಹೆಂಗಾತ್ರಿ?' ಅಂತ ಕೇಳಿ ನೋಡಿ. 'ಭಾಳ ಜೋರಾತ್ರಿ' ಅನ್ನುವ ಒಂದೇ ಮಾತಿನಲ್ಲಿ ಶೇಂಗಾ ಉಂಡಿ, ಮರಕ್ಕೆ ಕಟ್ಟಿದ ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳು ಎಲ್ಲವೂ ಬಂದುಬಿಡುತ್ತವೆ. ಅದನ್ನೇ ಬೆಂಗಳೂರಿನ ಕಂಪನಿಯ ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ, ಅಥವಾ ಎಸ್ಸೆಸ್ಸೆಲ್ಸಿ ಹುಡುಗಿ ಪರೀಕ್ಷೆಯಲ್ಲಿ ತನ್ನೂರ ಹಬ್ಬದ ಮೇಲೆ ಪ್ರಬಂಧ ಬರೆಯಬೇಕಾದಾಗ ಕೈ ತಡೆಯುತ್ತದೆ. ಕೊನೆಗೆ 'ವಿ ಡಿಡ್ ಪಂಚಮಿ ಫೆಸ್ಟಿವಲ್ ವೆರಿ ಗ್ರ್ಯಾಂಡ್' ಎಂಬ ವಾಕ್ಯ ಬೀಳುತ್ತದೆ. ಬರೆದವರಿಗೆ ಬುದ್ಧಿ ಕಡಿಮೆ ಎಂದಲ್ಲ. ಕನ್ನಡದಲ್ಲಿ ಹಬ್ಬ 'ಮಾಡುತ್ತೇವೆ', ಇಂಗ್ಲಿಷಿನಲ್ಲಿ ಹಬ್ಬದ ಜೊತೆ ಆ ಕ್ರಿಯಾಪದ ಹೊಂದುವುದಿಲ್ಲ, ಅಷ್ಟೇ.

ಹಬ್ಬಕ್ಕೆ ಅಲ್ಲಿ ಹೊಂದುವ ಕ್ರಿಯಾಪದ 'ಸೆಲೆಬ್ರೇಟ್'. 'ವಿ ಸೆಲೆಬ್ರೇಟೆಡ್ ಪಂಚಮಿ ಅಟ್ ಹೋಮ್' ಎಂದರೆ ಮುಗಿಯಿತು. ಅದರ ಮುಂದೆ ನೇರವಾಗಿ ಹಬ್ಬದ ಹೆಸರು ಬರಬೇಕು, ನಡುವೆ 'ಫಾರ್' ಬೇಡ. ಹೆಸರಿನ ಹಿಂದೆ 'ದ' ಕೂಡ ಬೇಡ: 'ದ ಉಗಾದಿ' ತಪ್ಪು, 'ಉಗಾದಿ' ಸರಿ. ಆದರೆ ಹೆಸರಿನ ಮುಂದೆ ಫೆಸ್ಟಿವಲ್ ಎಂಬ ಪದ ಸೇರಿದೊಡನೆ 'ದ ಉಗಾದಿ ಫೆಸ್ಟಿವಲ್' ಎಂದು 'ದ' ವಾಪಸು ಬರುತ್ತದೆ. ನಮ್ಮ ಮಕ್ಕಳು ಹೆಚ್ಚು ಅಂಕ ಕಳೆದುಕೊಳ್ಳುವುದು ಇಂಥ ಸಣ್ಣ ಜಾಗಗಳಲ್ಲೇ.

ಇನ್ನು ನಾಮಪದಗಳು. ಕನ್ನಡದ ಹಬ್ಬ ಎಂದರೆ ಆ ದಿನವೂ ಹೌದು, ಅಂದು ನಡೆಯುವ ಸಂಭ್ರಮವೂ ಹೌದು. ಇಂಗ್ಲಿಷ್ ಅದನ್ನು ಬಿಡಿಸಿ ಇಡುತ್ತದೆ. ಪಂಚಾಂಗದಲ್ಲಿರುವುದು ಫೆಸ್ಟಿವಲ್, ಜನ ಅದನ್ನು ಆಚರಿಸುವ ಕೆಲಸ ಸೆಲೆಬ್ರೇಶನ್. ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಮೆರವಣಿಗೆ, ಊಟ, ಆಟ, ಹಾಡು ಎಲ್ಲ ಸೇರಿದ್ದು ಫೆಸ್ಟಿವಿಟೀಸ್. ಈ ಕೊನೆಯದನ್ನು ನಮ್ಮವರು ಬಳಸುವುದು ಕಡಿಮೆ, ಬಳಸಿದರೂ ಏಕವಚನದಲ್ಲಿ ಹಾಕಿ ಕೆಡಿಸುತ್ತಾರೆ. ನಡೆಯುವ ಕಾರ್ಯಕ್ರಮಗಳನ್ನು ಹೇಳುವಾಗ ಅದು ಬಹುವಚನದಲ್ಲೇ ಇರಬೇಕು, ಕ್ರಿಯಾಪದವೂ ಹಾಗೆಯೇ: 'ದ ಫೆಸ್ಟಿವಿಟೀಸ್ ಬಿಗಿನ್ ಅಟ್ ಡಾನ್'. ಏಕವಚನದ 'ಫೆಸ್ಟಿವಿಟಿ' ಎಂದರೆ ಗಾಳಿಯಲ್ಲೆಲ್ಲ ಹರಡಿರುವ ಸಂಭ್ರಮ, ಎಣಿಸಲು ಬರುವ ವಸ್ತುವಲ್ಲ. 'ಫೆಸ್ಟಿವ್' ಎಂಬುದು ವಿಶೇಷಣ, ಒಂಟಿಯಾಗಿ ನಿಲ್ಲದೆ ಇನ್ನೊಂದು ಪದಕ್ಕೆ ಅಂಟಿಕೊಳ್ಳುತ್ತದೆ: ಫೆಸ್ಟಿವ್ ಮೂಡ್, ಫೆಸ್ಟಿವ್ ಸೀಸನ್. ರಬಕವಿ-ಬನಹಟ್ಟಿಯ ನೇಕಾರರು ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವಾಗ 'ಫೆಸ್ಟಿವಲ್ ಲುಕ್ ಸ್ಯಾರಿ' ಎನ್ನುವುದಕ್ಕಿಂತ 'ಫೆಸ್ಟಿವ್ ಸ್ಯಾರಿ' ಎಂದರೆ ಮಾತು ಚಿಕ್ಕದು, ಸರಿಯಾದದ್ದು.

ಕಾರಹುಣ್ಣಿಮೆಯನ್ನೇ ತೆಗೆದುಕೊಳ್ಳಿ. ಜ್ಯೇಷ್ಠ ಮಾಸದ ಹುಣ್ಣಿಮೆ, ಮುಂಗಾರು ಬಿತ್ತನೆಯ ಕಾಲ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹಾಕಿ, ಸಂಜೆ ಕರಿ ಹರಿಯಲು ಓಡಿಸುತ್ತಾರೆ. ಯಾವ ಬಣ್ಣದ ಎತ್ತು ಮುಂದೆ ಬಂತು ಎಂಬುದರ ಮೇಲೆ ಆ ವರ್ಷದ ಬೆಳೆಯ ಶಕುನ ನೋಡುತ್ತಾರೆ. ಇದನ್ನು 'ಬುಲ್ ಫೆಸ್ಟಿವಲ್' ಎಂದು ಬರೆದು ಮುಗಿಸುವವರಿದ್ದಾರೆ. ಬುಲ್ ಎಂದರೆ ಗೂಳಿ. ನೊಗ ಹೊರುವ ಎತ್ತು 'ಬುಲಕ್' ಅಥವಾ 'ಆಕ್ಸ್'. ಗೂಳಿ ಎಂದು ಓದಿದ ಹೊರಗಿನವನ ಕಣ್ಣಿಗೆ ಸ್ಪೇನಿನ ಗೂಳಿ ಕಾಳಗ ಬಂದರೆ ಅದು ಅವನ ತಪ್ಪಲ್ಲ. ನನ್ನ ಮಟ್ಟಿಗೆ ಸರಿಯಾದ ದಾರಿ, ಹೆಸರನ್ನು ಹಾಗೇ ಉಳಿಸಿ ಬೆನ್ನಿಗೇ ನಡೆದದ್ದನ್ನು ಹೇಳುವುದು: 'ಆನ್ ಕಾರಹುಣ್ಣಿಮೆ, ಫಾರ್ಮರ್ಸ್ ಪೇಂಟ್ ದೇರ್ ಬುಲಕ್ಸ್ ಅಂಡ್ ರೇಸ್ ದೆಮ್ ಇನ್ ದ ಈವ್ನಿಂಗ್'. ಹೆಸರನ್ನು ಅನುವಾದಿಸುವ ಗೋಜಿಗೆ ಹೋಗಬೇಡಿ. ಎಳ್ಳಮಾವಾಸ್ಯೆಯ ಚರಗಕ್ಕೂ ಇದೇ ದಾರಿ. ಹೊಲಕ್ಕೆ ಬುತ್ತಿ ಒಯ್ದು, ಬೆಳೆಯ ನಡುವೆ ನೈವೇದ್ಯ ಚೆಲ್ಲಿ, ಅಲ್ಲೇ ಎಲ್ಲರೂ ಕೂತು ಉಣ್ಣುವುದು ಎಂದು ಬಿಡಿಸಿ ಹೇಳಿದರೆ ಯಾವ ದೇಶದವರಿಗಾದರೂ ತಿಳಿಯುತ್ತದೆ. ಊಟದ ಭಾಗಕ್ಕೆ 'ಫೀಸ್ಟ್' ಬಳಸಬಹುದು. ಅದು ಸಾಮಾನ್ಯ ಊಟಕ್ಕಲ್ಲ, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ ತುಂಬಿದ ಊಟಕ್ಕೆ.

ಜಾತ್ರೆಯ ಮಾತು ಬೇರೆ. ಜಾತ್ರೆ 'ಫೇರ್', ಅದನ್ನು 'ಹೋಲ್ಡ್' ಮಾಡುತ್ತಾರೆ. ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆಯ ಬಗ್ಗೆ ಬರೆಯುವಾಗ 'ದ ಫೇರ್ ಈಸ್ ಹೆಲ್ಡ್ ಎವೆರಿ ಇಯರ್' ಎನ್ನಬೇಕು. ಅಲ್ಲಿಗೆ ಹೋದವರು 'ಅಟ್ ದ ಫೇರ್' ಇರುತ್ತಾರೆ. ತೇರಿಗೆ ನಮ್ಮ ಪತ್ರಿಕೆಗಳು, ಸರಕಾರಿ ಕಾಗದಗಳು ಬಹಳ ಕಾಲದಿಂದ 'ಕಾರ್ ಫೆಸ್ಟಿವಲ್' ಎಂದು ಬರೆಯುತ್ತ ಬಂದಿವೆ. ಭಾರತದೊಳಗೆ ಅದು ನಡೆಯುತ್ತದೆ. ಹೊರಗಿನ ಓದುಗರಿಗೆ ಮೋಟಾರು ಕಾರು ನೆನಪಾಗುವುದರಿಂದ 'ಚಾರಿಯಟ್ ಪ್ರೊಸೆಶನ್' ಎನ್ನುವುದು ಒಳ್ಳೆಯದು.

ರನ್ನನ ಹೆಸರಿನ ಉತ್ಸವ ಮುಧೋಳದ್ದು. ಗದಾಯುದ್ಧ ಬರೆದ ಕವಿ ಹುಟ್ಟಿದ ಊರು ಇದು. ಇಂಥ ಸಾಂಸ್ಕೃತಿಕ ಉತ್ಸವವನ್ನೂ ಇಂಗ್ಲಿಷ್ ಫೆಸ್ಟಿವಲ್ ಎಂದೇ ಕರೆಯುತ್ತದೆ, ಆದರೆ ಪ್ರೇಕ್ಷಕರು ಅದನ್ನು 'ಅಟೆಂಡ್' ಮಾಡುತ್ತಾರೆ. 'ದ ಫೆಸ್ಟಿವಲ್ ಸೆಲೆಬ್ರೇಟ್ಸ್ ರನ್ನ' ಎಂದರೂ ಸರಿ, ಆಗ ಅರ್ಥ ಕೊಂಡಾಡುತ್ತದೆ ಎಂದಾಗುತ್ತದೆ. ಅದೇ ಪದ 'ಸೆಲೆಬ್ರೇಟೆಡ್ ಪೊಯೆಟ್' ಎಂಬಲ್ಲಿ ಹೆಸರಾಂತ ಕವಿ. ಅಲ್ಲಿ ಹಬ್ಬದ ಸುಳಿವೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೊಹರಂ ವಿಷಯದಲ್ಲಿ. ನಮ್ಮ ಹಳ್ಳಿಗಳಲ್ಲಿ ಪಂಜಾ ಕೂಡಿಸುವಲ್ಲಿ, ಹೆಜ್ಜೆ ಮೇಳ ಹಾಕುವಲ್ಲಿ, ರಿವಾಯತ್ ಪದ ಹಾಡುವಲ್ಲಿ ಹಿಂದೂ-ಮುಸ್ಲಿಮರೆಂಬ ಭೇದವಿಲ್ಲ. ನೋಡುವವರಿಗೆ ಅದು ಹಬ್ಬದಂತೆಯೇ ಕಾಣುತ್ತದೆ. ಆದರೆ ಆ ಪದಗಳಲ್ಲಿರುವುದು ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಮಡಿದ ಇಮಾಮ್ ಹುಸೇನರ ಶೋಕ. ಕನ್ನಡದ 'ಆಚರಿಸು' ಸಂತೋಷಕ್ಕೂ ಶೋಕಕ್ಕೂ ಸಲ್ಲುತ್ತದೆ. ಇಂಗ್ಲಿಷಿನ ಸೆಲೆಬ್ರೇಟ್ ಸಂತೋಷಕ್ಕೆ ಮಾತ್ರ. ಹಾಗಾಗಿ ಮೊಹರಂ 'ಅಬ್ಸರ್ವ್ಡ್'. ಪುಣ್ಯತಿಥಿಗೂ, ಏಕಾದಶಿಯ ಉಪವಾಸಕ್ಕೂ ಅದೇ ಪದ. ಮೊಹರಮ್ಮಿಗೆ 'ಹ್ಯಾಪಿ' ಸೇರಿಸಿ ಮೊಬೈಲಿನಲ್ಲಿ ಶುಭಾಶಯ ಕಳಿಸುವುದು ಗೊತ್ತಿಲ್ಲದೆ ಒಬ್ಬರ ಮನಸ್ಸು ನೋಯಿಸುವ ಕೆಲಸ.

ಬ್ಯಾನರು, ಆಮಂತ್ರಣ ಪತ್ರಿಕೆ ಬರೆಸುವವರು 'ಆನ್ ದ ಈವ್ ಆಫ್' ಎಂಬುದನ್ನು ಅಂಗವಾಗಿ ಎಂಬ ಅರ್ಥದಲ್ಲಿ ಧಾರಾಳವಾಗಿ ಹಾಕುತ್ತಾರೆ. ಈವ್ ಎಂದರೆ ಹಿಂದಿನ ದಿನ. 'ಆನ್ ದ ಈವ್ ಆಫ್ ಉಗಾದಿ' ಎಂದು ಅಚ್ಚಾದ ಪತ್ರಿಕೆ ಓದಿದ ಹೊರಗಿನ ಅತಿಥಿ ಅಮಾವಾಸ್ಯೆಯ ದಿನವೇ ಬಂದು ನಿಂತಾನು. ಅಲ್ಲಿ ಬೇಕಾದದ್ದು 'ಆನ್ ದ ಒಕೇಶನ್ ಆಫ್'. ಇನ್ನು ಶುಭಾಶಯದಲ್ಲಿ 'ವಿಶ್ ಯೂ ಹ್ಯಾಪಿ ದೀಪಾವಳಿ' ಎನ್ನುವಾಗ ನಡುವೆ ಒಂದು 'ಎ' ಬಿಟ್ಟುಹೋಗಿರುತ್ತದೆ: 'ವಿಶ್ ಯೂ ಎ ಹ್ಯಾಪಿ ದೀಪಾವಳಿ'. ಬರೀ 'ಹ್ಯಾಪಿ ದೀಪಾವಳಿ' ಎಂದರೆ ಆ 'ಎ' ಬೇಕಿಲ್ಲ.

ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸ ಮಾಡುವ ನಮ್ಮ ಹುಡುಗಿಯರಿಗೆ ಶ್ರಾವಣದಲ್ಲಿ ರಜೆ ಕೇಳುವುದು ಕಷ್ಟ, ಏಕೆಂದರೆ ಅಲ್ಲಿನ ಬಹಳ ಕಚೇರಿಗಳ ರಜೆ ಪಟ್ಟಿಯಲ್ಲಿ ಪಂಚಮಿ ಇರುವುದಿಲ್ಲ. 'ಫಾರ್ ಫೆಸ್ಟಿವಲ್ ಪರ್ಪಸ್' ಎಂದು ಬರೆದರೆ ಮೇಲಧಿಕಾರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಬಹುದು: 'ಐ ವುಡ್ ಲೈಕ್ ಟು ಟೇಕ್ ಟೂ ಡೇಸ್ ಲೀವ್ ಫಾರ್ ನಾಗರ ಪಂಚಮಿ. ಇನ್ ಅವರ್ ಪಾರ್ಟ್ ಆಫ್ ಕರ್ನಾಟಕ, ಮ್ಯಾರೀಡ್ ಡಾಟರ್ಸ್ ಗೋ ಹೋಮ್ ಟು ದೇರ್ ಪೇರೆಂಟ್ಸ್ ಫಾರ್ ದಿಸ್ ಫೆಸ್ಟಿವಲ್'. ಎರಡೇ ವಾಕ್ಯ. ಹಬ್ಬದ ಹೆಸರು ಮೊದಲನೆಯದರಲ್ಲಿದೆ, ಊರಿಗೆ ಹೋಗಲೇಬೇಕಾದ ಕಾರಣ ಎರಡನೆಯದರಲ್ಲಿದೆ. 'ಕೈಂಡ್ಲಿ ಡು ದ ನೀಡ್‌ಫುಲ್' ಎಂಬ ಬಾಲ ಇದಕ್ಕೆ ಬೇಕಿಲ್ಲ.